ಜೆನೆಸಿಸ್ ಆಲಿಸುವ ಕ್ರಮ: ತಂಡದ ಆಲ್ಬಂಗಳ ನಡುವೆ ಸದಸ್ಯರ ಸ್ವಂತ ಆಲ್ಬಂಗಳನ್ನು ಹೇಗೆ ಇಟ್ಟುಕೊಳ್ಳಬೇಕು

ಇಂಗ್ಲೆಂಡಿನ ರಾಕ್ ಸಂಗೀತ ತಂಡವಾದ ಜೆನೆಸಿಸ್ 1969ರಿಂದ 1997ರವರೆಗೆ 15 ಸ್ಟುಡಿಯೊ ಆಲ್ಬಂಗಳನ್ನು ಹೊರತಂದಿತು. ಸದಸ್ಯರು ಒಬ್ಬೊಬ್ಬರಾಗಿ ಮಾಡಿದ ಆಲ್ಬಂಗಳನ್ನೂ ಸೇರಿಸಿದರೆ ಈ ರಾಶಿ ಹಲವು ಪಟ್ಟು ದೊಡ್ಡದಾಗುತ್ತದೆ. ಹೊಸದಾಗಿ ಕೇಳಲು ಹೊರಟವರು ಸಾಮಾನ್ಯವಾಗಿ ಮೊದಲ ಆಲ್ಬಂನಿಂದ ಇಸವಿಯ ಪ್ರಕಾರ ಮುಂದುವರಿಯುತ್ತಾರೆ, ಇಲ್ಲವೇ 1980ರ ದಶಕದ ಜನಪ್ರಿಯ ಹಾಡುಗಳಿಂದ ಹಿಂದಕ್ಕೆ ಹೋಗುತ್ತಾರೆ. ಇಸವಿಯನ್ನು ನೆಚ್ಚಿದವರು ತಂಡದ ಅತ್ಯಂತ ಎಳಸಾದ ಆಲ್ಬಂನಲ್ಲೇ ಉತ್ಸಾಹ ಕಳೆದುಕೊಳ್ಳುತ್ತಾರೆ. ಜನಪ್ರಿಯ ಹಾಡುಗಳಿಂದ ಬಂದವರಿಗೆ 23 ನಿಮಿಷಗಳ ಕೃತಿಯೊಂದು ಎದುರಾದಾಗ ಅದರೊಳಗೆ ಹೇಗೆ ಹೋಗಬೇಕೆಂದು ತಿಳಿಯುವುದಿಲ್ಲ.

ನಾನು ಇಲ್ಲಿ ಸೂಚಿಸುವ ಕ್ರಮ ಬೇರೆ, ಅದರ ಹಿಂದಿರುವ ನಂಬಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಜೆನೆಸಿಸ್ ಮೂಲತಃ ರಚನಕಾರರ ತಂಡ. ಸರ್ರೆ ಪ್ರಾಂತ್ಯದ ಚಾರ್ಟರ್‌ಹೌಸ್ ಶಾಲೆಯ ಹುಡುಗರು 1967ರಲ್ಲಿ ಜೊತೆಗೂಡಿದ್ದೇ ಹಾಡು ಕಟ್ಟುವ ಆಸೆಯಿಂದ. ಪೀಟರ್ ಗೇಬ್ರಿಯಲ್ ಹಾಡುತ್ತಿದ್ದ ಕಾಲ, ಫಿಲ್ ಕಾಲಿನ್ಸ್ ಹಾಡುತ್ತಿದ್ದ ಕಾಲ ಎಂದು ಅಭಿಮಾನಿಗಳು ಎರಡು ಪಾಲು ಮಾಡಿ ವಾದಿಸುತ್ತಾರಾದರೂ, ಹಾಡುವವರಿಗಿಂತ ಕಟ್ಟುವವರು ಯಾರು ಎಂಬುದನ್ನು ಗಮನಿಸಿದವರಿಗೆ ಈ ಸಂಗೀತ ಬೇಗ ತೆರೆದುಕೊಳ್ಳುತ್ತದೆ. ಯಾವ ಸ್ವರಸಂಯೋಜನೆ ಕೀಬೋರ್ಡಿನ ಟೋನಿ ಬ್ಯಾಂಕ್ಸ್ ಅವರದು, ಯಾವ ರಾಗದ ಎಳೆ ಗಿಟಾರಿನ ಸ್ಟೀವ್ ಹ್ಯಾಕೆಟ್ ಅವರದು, ಯಾವ ನಡೆ ಬೇಸ್ ಮತ್ತು ಹನ್ನೆರಡು ತಂತಿಯ ಗಿಟಾರಿನ ಮೈಕ್ ರುದರ್‌ಫರ್ಡ್ ಅವರದು ಎಂದು ಗುರುತಿಸಲು ಸದಸ್ಯರ ಸ್ವಂತ ಆಲ್ಬಂಗಳಿಗಿಂತ ಒಳ್ಳೆಯ ಸಾಧನವಿಲ್ಲ. ಆದ್ದರಿಂದ ಅವನ್ನು ಕೊನೆಗೆ ಉಳಿಸಿಕೊಳ್ಳದೆ, ತಂಡದ ಆಲ್ಬಂಗಳ ನಡುನಡುವೆಯೇ ಕೇಳಬೇಕು.

ಮೊದಲ ಹೆಜ್ಜೆ: 1976ರ ‘ಎ ಟ್ರಿಕ್ ಆಫ್ ದ ಟೇಲ್’

ನಡುವಿನಿಂದ ಆರಂಭಿಸಿ ಎನ್ನುವುದಕ್ಕೆ ಎರಡು ಕಾರಣಗಳಿವೆ. ಗೇಬ್ರಿಯಲ್ ತಂಡವನ್ನು ಬಿಟ್ಟ ಬಳಿಕ ಬಂದ ಮೊದಲ ಆಲ್ಬಂ ಇದು. ಡ್ರಮ್ಸ್ ನುಡಿಸುತ್ತಿದ್ದ ಕಾಲಿನ್ಸ್ ಮುಖ್ಯ ಗಾಯಕರೂ ಆದದ್ದು ಇಲ್ಲಿಂದ. ಧ್ವನಿಮುದ್ರಣ ಸ್ಪಷ್ಟವಾಗಿದೆ, ಹಾಡುಗಳು ಉದ್ದವಾಗಿದ್ದರೂ ಹಿಡಿತಕ್ಕೆ ಸಿಗುತ್ತವೆ. ಅದಕ್ಕಿಂತ ಮುಖ್ಯವಾದುದು ಎರಡನೆಯ ಕಾರಣ. ಈ ಹಿಂದಿನ ಆಲ್ಬಂಗಳಲ್ಲಿ ರಚನೆಯ ಶ್ರೇಯ ಇಡೀ ತಂಡಕ್ಕೆ ಸಲ್ಲುತ್ತಿತ್ತು. ಇಲ್ಲಿಂದ ಮುಂದೆ ಪ್ರತಿ ಹಾಡಿನ ಜೊತೆಗೂ ಅದನ್ನು ರಚಿಸಿದವರ ಹೆಸರು ಬರತೊಡಗಿತು.

ಮೊದಲ ಸಲ ಹೆಸರುಗಳನ್ನು ನೋಡದೆ ಪೂರ್ತಿ ಕೇಳಿ. ಎರಡನೆಯ ಸಲ ಪಟ್ಟಿಯನ್ನು ಎದುರಿಗಿಟ್ಟುಕೊಳ್ಳಿ. ‘ಮ್ಯಾಡ್ ಮ್ಯಾನ್ ಮೂನ್’ ಬ್ಯಾಂಕ್ಸ್ ಒಬ್ಬರೇ ರಚಿಸಿದ್ದು. ಪಿಯಾನೊದ ಮೇಲೆ ಒಂದು ಸ್ವರಗುಚ್ಛದಿಂದ ಇನ್ನೊಂದಕ್ಕೆ ಅವರು ಜಾರುವ ರೀತಿಯನ್ನು, ನೆಲೆ ಸಿಕ್ಕಿತು ಎನ್ನುವಷ್ಟರಲ್ಲಿ ಶ್ರುತಿ ಬದಲಾಗುವುದನ್ನು ಇಲ್ಲಿ ಕಿವಿಗೆ ಅಭ್ಯಾಸ ಮಾಡಿಕೊಂಡರೆ ಮುಂದೆ ಎಲ್ಲಿಯೂ ಅದನ್ನು ಗುರುತಿಸಬಹುದು. ‘ಎಂಟ್ಯಾಂಗಲ್ಡ್’ ಹ್ಯಾಕೆಟ್ ಮತ್ತು ಬ್ಯಾಂಕ್ಸ್ ಅವರದು. ಗಿಟಾರಿನ ಲಾಲಿಯಂಥ ನಡೆಯ ಮೇಲೆ ಕೊನೆಯಲ್ಲಿ ಕೀಬೋರ್ಡ್ ಎದ್ದು ನಿಲ್ಲುವಾಗ ಇಬ್ಬರ ಸ್ವಭಾವಗಳೂ ಬೇರೆಬೇರೆಯಾಗಿ ಕೇಳುತ್ತವೆ. ‘ರಿಪಲ್ಸ್’ ರುದರ್‌ಫರ್ಡ್ ಮತ್ತು ಬ್ಯಾಂಕ್ಸ್ ಅವರದು. ಆರಂಭದ ‘ಡ್ಯಾನ್ಸ್ ಆನ್ ಎ ವಾಲ್ಕೇನೊ’ ಮತ್ತು ಕೊನೆಯ ‘ಲಾಸ್ ಎಂಡೋಸ್’ ನಾಲ್ವರದೂ. ಆಲ್ಬಂನೊಳಗಿನ ರಾಗಗಳು ಈ ಕೊನೆಯ ವಾದ್ಯಕೃತಿಯಲ್ಲಿ ಮತ್ತೆ ಬರುತ್ತವೆ ಎಂಬುದನ್ನು ಯಾರೂ ಹೇಳದೆಯೇ ಕಂಡುಕೊಂಡರೆ ನೀವು ಸರಿಯಾಗಿ ಕೇಳುತ್ತಿದ್ದೀರಿ ಎಂದರ್ಥ.

ಇಲ್ಲಿಯೇ ಒಂದು ಪ್ರಾಯೋಗಿಕ ಸೂಚನೆ. ತಂಡದ ಹೆಚ್ಚಿನ ಆಲ್ಬಂಗಳನ್ನು ಧ್ವನಿ ಎಂಜಿನಿಯರ್ ನಿಕ್ ಡೇವಿಸ್ ಅವರು ಮತ್ತೆ ಮಿಕ್ಸ್ ಮಾಡಿದ್ದು (ಎಂದರೆ ಮುದ್ರಿತ ವಾದ್ಯಗಳ ಧ್ವನಿಗಳನ್ನು ಹೊಸದಾಗಿ ಬೆರೆಸಿದ್ದು), ಆ ಆವೃತ್ತಿಗಳು 2007 ಮತ್ತು 2008ರಲ್ಲಿ ಪೆಟ್ಟಿಗೆಗಳಾಗಿ ಬಂದವು. ಹಳೆಯ ಮಿಕ್ಸ್‌ನಲ್ಲಿ ಮಸುಕಾಗಿದ್ದ ಬೇಸ್ ಮತ್ತು ಡ್ರಮ್ಸ್ ಹೊಸದರಲ್ಲಿ ಬಿಡಿಸಿ ಕೇಳುತ್ತವೆ, ಆದರೆ ಒಟ್ಟು ಧ್ವನಿ ಗಟ್ಟಿಯಾಗಿದ್ದು ಮೆಲ್ಲನೆಯ ಭಾಗಗಳಿಗೂ ಏರಿದ ಭಾಗಗಳಿಗೂ ಇದ್ದ ಅಂತರ ಕುಗ್ಗಿದೆ. ವಾದ್ಯಗಳನ್ನು ಬಿಡಿಸಿ ಕಲಿಯುವಾಗ ಹೊಸದನ್ನೂ, ಸಂತೋಷಕ್ಕಾಗಿ ಕೇಳುವಾಗ ಹಳೆಯದನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ನೀವು ಕೇಳುತ್ತಿರುವುದು ಯಾವುದೆಂದು ಆಲ್ಬಂನ ವಿವರದಲ್ಲಿ ನೋಡಿಕೊಳ್ಳಿ.

ಎರಡನೆಯ ಹೆಜ್ಜೆ: ‘ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್’ನಲ್ಲಿ ನಿಧಾನವಾಗಿ ಉಳಿಯಿರಿ

1973ರ ಈ ಆಲ್ಬಂ ನನ್ನ ದೃಷ್ಟಿಯಲ್ಲಿ ತಂಡದ ಶಿಖರ. ಐವರೂ ಸಮಬಲದಲ್ಲಿದ್ದ ಕಾಲ ಅದು. ಯಾರೊಬ್ಬರನ್ನು ತೆಗೆದರೂ ಆಲ್ಬಂ ನಿಲ್ಲುವುದಿಲ್ಲ. ಇಲ್ಲಿ ಹಾಡುಗಳ ಕೆಳಗೆ ಪ್ರತ್ಯೇಕ ಹೆಸರುಗಳಿಲ್ಲವಾದ್ದರಿಂದ, ಮೊದಲ ಹೆಜ್ಜೆಯಲ್ಲಿ ಕಲಿತದ್ದನ್ನು ಪರೀಕ್ಷಿಸಿಕೊಳ್ಳಲು ತಕ್ಕ ಜಾಗ.

‘ಫರ್ತ್ ಆಫ್ ಫಿಫ್ತ್’ ಒಂದನ್ನೇ ತೆಗೆದುಕೊಂಡು ಒಂದು ಸಂಜೆ ಕಳೆಯಿರಿ. ಬ್ಯಾಂಕ್ಸ್ ಅವರ ಪಿಯಾನೊದಿಂದ ಅದು ಆರಂಭವಾಗುತ್ತದೆ. ತಾಳ ಸಮನಾಗಿ ನಿಲ್ಲದೆ ಓಡುವ ಆ ಭಾಗವನ್ನು ಮೊದಲು ಮನಸ್ಸಿನಲ್ಲಿ ಉಳಿಸಿಕೊಳ್ಳಿ. ಹಾಡುವ ಭಾಗ ಮುಗಿದ ಮೇಲೆ ಗೇಬ್ರಿಯಲ್ ಕೊಳಲಿನಲ್ಲಿ ಒಂದು ಸರಳವಾದ, ದುಃಖ ತುಂಬಿದ ರಾಗವನ್ನು ನುಡಿಸುತ್ತಾರೆ. ಅನಂತರ ಆರಂಭದ ಪಿಯಾನೊ ಭಾಗವೇ ಸಿಂಥಸೈಜರಿನಲ್ಲಿ, ಇಡೀ ತಂಡದ ಬಲದೊಂದಿಗೆ ಹಿಂತಿರುಗುತ್ತದೆ. ಅದು ತುದಿ ಮುಟ್ಟಿದಾಗ ಹ್ಯಾಕೆಟ್ ಅವರ ಗಿಟಾರ್ ಪ್ರವೇಶಿಸುತ್ತದೆ. ಅಭಿಮಾನಿಗಳು ಮತ್ತೆಮತ್ತೆ ಕೊಂಡಾಡುವ ಆ ಗಿಟಾರ್ ಭಾಗವು ಹೊಸ ರಾಗವಲ್ಲ, ಕೊಳಲಿನಲ್ಲಿ ಬಂದದ್ದೇ ಹಿಗ್ಗಿ, ಸ್ವರಗಳು ಉದ್ದಕ್ಕೆ ನಿಂತು ಬಂದಿದೆ. ಒಬ್ಬರು ಕಟ್ಟಿದ ರಾಗವನ್ನು ಮತ್ತೊಬ್ಬರು ತಮ್ಮ ಉಸಿರಿನಿಂದ ಬೆಳೆಸುವುದು ಜೆನೆಸಿಸ್‌ನ ನಿಜವಾದ ಶಕ್ತಿ, ಅದು ಇಷ್ಟು ನಿಚ್ಚಳವಾಗಿ ಬೇರೆಲ್ಲಿಯೂ ಕಾಣುವುದಿಲ್ಲ.

‘ದ ಸಿನೆಮಾ ಷೋ’ವಿನ ಎರಡನೆಯ ಅರ್ಧ 7/8ರಲ್ಲಿ, ಎಂದರೆ ಏಳರ ತಾಳದಲ್ಲಿ ನಡೆಯುತ್ತದೆ. ಪಾಶ್ಚಾತ್ಯ ರಾಕ್ ಕೇಳುಗರಲ್ಲಿ ಅನೇಕರು ಇಂಥ ಲೆಕ್ಕದ ಮುಂದೆ ತಡವರಿಸುತ್ತಾರೆ, ಆದರೆ ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಮಿಶ್ರ ಛಾಪು ಕೇಳಿ ಬೆಳೆದವರಿಗೆ ಇದು ಪರಿಚಿತ ನೆಲ. ‘ತಕಿಟ ತಕದಿಮಿ’ ಎಂದು ಹೇಳಿಕೊಳ್ಳುತ್ತ ಕೇಳಿ. ಒತ್ತು ಹೊಂದದಿದ್ದರೆ ‘ತಕದಿಮಿ ತಕಿಟ’ ಎಂದು ತಿರುಗಿಸಿ ನೋಡಿ. ಆವರ್ತ ಕೈಗೆ ಸಿಕ್ಕಿದ ಮೇಲೆ ಎಣಿಕೆಯನ್ನು ಬಿಟ್ಟುಬಿಡಿ, ಕಾಲಿನ್ಸ್ ಅವರ ಡ್ರಮ್ಸ್ ಮತ್ತು ಬ್ಯಾಂಕ್ಸ್ ಅವರ ಕೀಬೋರ್ಡ್ ಆ ಏಳರ ಮೇಲೆ ಎಷ್ಟು ಆರಾಮವಾಗಿ ಓಡಾಡುತ್ತವೆ ಎಂಬುದು ಆಗ ತಿಳಿಯುತ್ತದೆ. ಇದೇ ಆಲ್ಬಂನ ‘ದ ಬ್ಯಾಟಲ್ ಆಫ್ ಎಪ್ಪಿಂಗ್ ಫಾರೆಸ್ಟ್’ ನನಗೆ ಇಷ್ಟವಾಗುವುದಿಲ್ಲ. ಗೇಬ್ರಿಯಲ್ ಅದರಲ್ಲಿ ಎಷ್ಟು ಮಾತು ತುರುಕಿದ್ದಾರೆಂದರೆ ಕೆಳಗಿರುವ ಒಳ್ಳೆಯ ಸಂಗೀತಕ್ಕೆ ಉಸಿರಾಡಲು ಎಡೆಯಿಲ್ಲ. ಮೊದಲ ಕೇಳ್ವಿಗಳಲ್ಲಿ ಅದನ್ನು ದಾಟಿ ಹೋದರೆ ನಷ್ಟವಿಲ್ಲ.

ಮೂರನೆಯ ಹೆಜ್ಜೆ: ಹಿಂದಕ್ಕೆ, ಆದರೆ ಒಂದೊಂದೇ ಆಲ್ಬಂ

ಈಗ 1972ರ ‘ಫಾಕ್ಸ್‌ಟ್ರಾಟ್’, 1971ರ ‘ನರ್ಸರಿ ಕ್ರೈಮ್’, 1970ರ ‘ಟ್ರೆಸ್‌ಪಾಸ್’ ಎಂಬ ಕ್ರಮದಲ್ಲಿ ಹಿಂದೆ ಸಾಗಬೇಕು. ‘ಫಾಕ್ಸ್‌ಟ್ರಾಟ್’ ತೆರೆಯುವುದು ಬ್ಯಾಂಕ್ಸ್ ಅವರ ಮೆಲೊಟ್ರಾನಿನಿಂದ, ಎಂದರೆ ಟೇಪಿನಲ್ಲಿ ಮುದ್ರಿಸಿದ ನಾದಗಳನ್ನು ನುಡಿಸುವ ಕೀಬೋರ್ಡಿನಿಂದ. ಮುಗಿಯುವುದು ಏಳು ಭಾಗಗಳ, ಸುಮಾರು 23 ನಿಮಿಷಗಳ ‘ಸಪರ್ಸ್ ರೆಡಿ’ಯಿಂದ. ಹೊಸಬರು ಹೆದರುವುದು ಇದಕ್ಕೆ.

ಇದನ್ನು ಕೇಳುವ ವಿಧಾನ ಹೀಗಿದೆ. ಏಳು ಭಾಗಗಳ ಹೆಸರುಗಳನ್ನು ಬರೆದುಕೊಂಡು, ಒಂದು ಮುಗಿದು ಇನ್ನೊಂದು ಹಿಡಿಯುವ ಜಾಗಗಳನ್ನು ಗುರುತು ಮಾಡಿಕೊಳ್ಳಿ. ಎರಡನೆಯ ಭಾಗವಾದ ‘ದ ಗ್ಯಾರಂಟೀಡ್ ಎಟರ್ನಲ್ ಸ್ಯಾಂಕ್ಚುಅರಿ ಮ್ಯಾನ್’ನ ಮುಖ್ಯ ರಾಗವನ್ನು ಗುನುಗುವಷ್ಟು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಆರನೆಯ ಭಾಗಕ್ಕೆ ನೇರವಾಗಿ ಹೋಗಿ. ‘ಅಪಾಕಲಿಪ್ಸ್ ಇನ್ 9/8’ ಎಂದು ಅದರ ಹೆಸರಿನಲ್ಲೇ ತಾಳವಿದೆ. ಬೇಸ್, ಗಿಟಾರ್ ಮತ್ತು ಡ್ರಮ್ಸ್ ಒಂಬತ್ತರ ಆವರ್ತವನ್ನು ಬಿಡದೆ ಹಿಡಿದಿದ್ದರೆ, ಬ್ಯಾಂಕ್ಸ್ ಅವರ ಆರ್ಗನ್ ಆ ಲೆಕ್ಕಕ್ಕೆ ಅಂಟಿಕೊಳ್ಳದೆ ಮೇಲೆ ತನ್ನ ದಾರಿಯಲ್ಲಿ ಸಾಗುತ್ತದೆ. ಸಂಕೀರ್ಣ ಗತಿಯ ತನಿ ಆವರ್ತನದಲ್ಲಿ ಲೆಕ್ಕ ಹಿಡಿದು ಕುಳಿತ ಅನುಭವವಿದ್ದವರು ಇಲ್ಲಿ ಒಂಬತ್ತನ್ನು ಕೈಯಲ್ಲಿ ಹಾಕುತ್ತ, ಕಿವಿಯನ್ನು ಆರ್ಗನ್ನಿಗೆ ಕೊಟ್ಟು ಕೇಳಬೇಕು. ಆ ಎಳೆದಾಟ ತಾಳಲಾರದ ಹಂತಕ್ಕೆ ಬಂದಾಗ ಮೊದಲ ಭಾಗದ ಸಾಲುಗಳು ಮರಳುತ್ತವೆ, ಕೊನೆಯ ಭಾಗದಲ್ಲಿ ನೀವು ಗುನುಗಿಕೊಂಡ ಎರಡನೆಯ ಭಾಗದ ರಾಗವೇ ಪೂರ್ಣ ವೈಭವದಲ್ಲಿ ಬರುತ್ತದೆ. ಇಷ್ಟು ತಯಾರಿಯ ಬಳಿಕ, ಇಡೀ ಕೃತಿಯನ್ನು ನಡುವೆ ನಿಲ್ಲಿಸದೆ ಕೇಳಿ.

‘ಸಪರ್ಸ್ ರೆಡಿ’ಗೆ ಮುಂಚೆ ಬರುವ ‘ಹೊರೈಜನ್ಸ್’ ಎಂಬ ಪುಟ್ಟ ಗಿಟಾರ್ ಕೃತಿಯನ್ನು ಅವಸರದಲ್ಲಿ ಬಿಟ್ಟುಬಿಡಬೇಡಿ. ಬಾಖ್ ಅವರ ಚೆಲೊ ಕೃತಿಯೊಂದರ ನೆರಳು ಅದರ ಮೇಲಿದೆ. ಹ್ಯಾಕೆಟ್ ಅವರ ಮುಂದಿನ ಅರ್ಧ ಬದುಕಿನ ಬೀಜ ಅಲ್ಲಿದೆ.

‘ನರ್ಸರಿ ಕ್ರೈಮ್’ ಕಾಲಿನ್ಸ್ ಮತ್ತು ಹ್ಯಾಕೆಟ್ ಸೇರಿದ ಮೇಲೆ ಬಂದ ಮೊದಲ ಆಲ್ಬಂ. ‘ದ ಮ್ಯೂಸಿಕಲ್ ಬಾಕ್ಸ್’ ಮತ್ತು ‘ದ ಫೌಂಟನ್ ಆಫ್ ಸಾಲ್ಮಸಿಸ್’ ಎರಡನ್ನು ಚೆನ್ನಾಗಿ ಕೇಳಿ. ‘ದ ರಿಟರ್ನ್ ಆಫ್ ದ ಜೈಂಟ್ ಹಾಗ್‌ವೀಡ್’ನಲ್ಲಿ ಹ್ಯಾಕೆಟ್ ಬಲಗೈ ಬೆರಳನ್ನೂ ಗಿಟಾರಿನ ಕುತ್ತಿಗೆಯ ಮೇಲೆ ಬಡಿದು ನುಡಿಸುವುದನ್ನು ಗಮನಿಸಿ, ಟ್ಯಾಪಿಂಗ್ ಎಂದು ಹೆಸರಾದ ಆ ತಂತ್ರವನ್ನು ಮುಂದಿನ ದಶಕದ ಗಿಟಾರ್‌ವಾದಕರು ಎಲ್ಲೆಡೆ ಹರಡಿದರು. ‘ಟ್ರೆಸ್‌ಪಾಸ್’ನಲ್ಲಿ ಡ್ರಮ್ಸ್ ದುರ್ಬಲವಾಗಿದೆ, ಆದರೆ ಹನ್ನೆರಡು ತಂತಿಯ ಎರಡು ಗಿಟಾರುಗಳು ಒಂದರೊಳಗೊಂದು ಹೆಣೆದುಕೊಳ್ಳುವ ಆ ಸೊಗಸು ತಂಡದ ಮೂಲಗುಣ. ಅದನ್ನು ರುದರ್‌ಫರ್ಡ್ ಜೊತೆಗೆ ರೂಪಿಸಿದವರು ಆಂಟನಿ ಫಿಲಿಪ್ಸ್, ಆ ಆಲ್ಬಂ ಮುಗಿದ ಕೂಡಲೇ ತಂಡವನ್ನು ಬಿಟ್ಟವರು.

ನಾಲ್ಕನೆಯ ಹೆಜ್ಜೆ: ಇಬ್ಬರು ಗಿಟಾರ್‌ವಾದಕರ ಮೊದಲ ಸ್ವಂತ ಆಲ್ಬಂಗಳು

ಇಲ್ಲಿ ತಂಡದ ಆಲ್ಬಂಗಳನ್ನು ಸ್ವಲ್ಪ ಬದಿಗಿಡಿ. ಫಿಲಿಪ್ಸ್ ಅವರ ‘ದ ಗೀಸ್ ಅಂಡ್ ದ ಘೋಸ್ಟ್’ 1977ರಲ್ಲಿ ಬಂದರೂ ಅದರ ಬೇರುಗಳು ಅವರ ಜೆನೆಸಿಸ್ ದಿನಗಳಲ್ಲಿವೆ. ರುದರ್‌ಫರ್ಡ್ ಅದರಲ್ಲಿ ನುಡಿಸಿದ್ದಾರೆ, ಕಾಲಿನ್ಸ್ ಎರಡು ಹಾಡುಗಳಲ್ಲಿ ಹಾಡಿದ್ದಾರೆ. ‘ಟ್ರೆಸ್‌ಪಾಸ್’ನ ನಂತರ ಇದನ್ನು ಕೇಳಿದವರಿಗೆ ತಂಡ ಹಿಡಿಯದೆ ಬಿಟ್ಟ ಇನ್ನೊಂದು ದಾರಿ ಕಣ್ಣೆದುರಿಗೆ ಬರುತ್ತದೆ. ಇಷ್ಟು ಮೃದುವಾದ, ಇಷ್ಟು ಕಡಿಮೆ ಜನ ಕೇಳಿರುವ ಆಲ್ಬಂ ಈ ಇಡೀ ಬಳಗದಲ್ಲಿ ಮತ್ತೊಂದಿಲ್ಲ, ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಹ್ಯಾಕೆಟ್ ಅವರ ‘ವಾಯೇಜ್ ಆಫ್ ದ ಅಕೊಲೈಟ್’ 1975ರದು, ಅವರಿನ್ನೂ ತಂಡದಲ್ಲಿದ್ದಾಗಲೇ ಮಾಡಿದ್ದು. ಭವಿಷ್ಯ ಹೇಳಲು ಬಳಸುವ ಟ್ಯಾರೊ ಎಲೆಗಳ ಹೆಸರು ಹೊತ್ತ ಹಾಡುಗಳಲ್ಲಿ ಕಾಲಿನ್ಸ್ ಮತ್ತು ರುದರ್‌ಫರ್ಡ್ ನುಡಿಸಿದ್ದಾರೆ. ಸ್ಯಾಲಿ ಓಲ್ಡ್‌ಫೀಲ್ಡ್ ಹಾಡಿರುವ ‘ಷ್ಯಾಡೋ ಆಫ್ ದ ಹೈರೊಫ್ಯಾಂಟ್’ನ ಕೊನೆಯ ಭಾಗದಲ್ಲಿ ಒಂದೇ ರಾಗ ಪಿಸುಮಾತಿನಿಂದ ಗುಡುಗಿನವರೆಗೆ ಏರುತ್ತದೆ. ಬ್ಯಾಂಕ್ಸ್ ಇಲ್ಲದ ಜೆನೆಸಿಸ್ ಹೇಗಿರುತ್ತದೆ ಎಂಬ ಪ್ರಶ್ನೆಗೆ ಇದು ಉತ್ತರ: ಬಣ್ಣ ಹೆಚ್ಚು, ಕಟ್ಟೋಣ ಸಡಿಲ.

ಐದನೆಯ ಹೆಜ್ಜೆ: ‘ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’, ಅದರ ಬೆನ್ನಿಗೇ ಗೇಬ್ರಿಯಲ್

1974ರ ಈ ಜೋಡಿ ಆಲ್ಬಂನ್ನು ಇಷ್ಟು ತಡವಾಗಿ ಸೂಚಿಸುವುದಕ್ಕೆ ಕಾರಣವಿದೆ. ನ್ಯೂಯಾರ್ಕಿನ ಪೋರ್ಟೊರಿಕನ್ ಯುವಕ ರೇಯಲ್‌ನ ಕಥೆಯನ್ನೂ, ಬಹುಮಟ್ಟಿಗೆ ಎಲ್ಲ ಸಾಹಿತ್ಯವನ್ನೂ ಗೇಬ್ರಿಯಲ್ ಬರೆದರು. ಸಂಗೀತದ ಹೆಚ್ಚಿನ ಭಾಗವನ್ನು ಉಳಿದ ನಾಲ್ವರು ಕಟ್ಟಿದರು. ಮಾತು ಒಂದು ಕೋಣೆಯಲ್ಲಿ, ಸಂಗೀತ ಇನ್ನೊಂದು ಕೋಣೆಯಲ್ಲಿ ಬೆಳೆದುದರ ಬಿರುಕು ಆಲ್ಬಂನೊಳಗೇ ಕೇಳುತ್ತದೆ, ಆದರೆ ಅದೇ ಬಿರುಕಿನಿಂದ ಅದಕ್ಕೆ ಒಂದು ಒರಟು ಜೀವವೂ ಬಂದಿದೆ. ಮೊದಲ ದಿನ ಮೊದಲ ತಟ್ಟೆಯನ್ನಷ್ಟೇ ಕೇಳಿ. ‘ಇನ್ ದ ಕೇಜ್’, ‘ಬ್ಯಾಕ್ ಇನ್ ಎನ್.ವೈ.ಸಿ.’, ‘ದ ಕಾರ್ಪೆಟ್ ಕ್ರಾಲರ್ಸ್’ ಅದರಲ್ಲಿವೆ. ಎರಡನೆಯ ತಟ್ಟೆ ಅಲ್ಲಲ್ಲಿ ಜಾಳಾಗುತ್ತದೆ, ಅದಕ್ಕೆ ಬೇರೊಂದು ದಿನವೇ ಬೇಕು. ಕಥೆ ಅರ್ಥವಾಗಲಿಲ್ಲವೆಂದು ಚಿಂತಿಸಬೇಡಿ, ಸಾಹಿತ್ಯವನ್ನು ಕೈಯಲ್ಲಿ ಹಿಡಿದು ಸನ್ನಿವೇಶಗಳನ್ನು ಒಂದೊಂದಾಗಿ ಅನುಭವಿಸಿದರೆ ಸಾಕು.

ಗೇಬ್ರಿಯಲ್ ಅವರ ಮೊದಲ ನಾಲ್ಕು ಸ್ವಂತ ಆಲ್ಬಂಗಳಿಗೂ (1977, 1978, 1980, 1982) ಅವರ ಹೆಸರೇ ಶೀರ್ಷಿಕೆ, ಆದ್ದರಿಂದ ಹುಡುಕುವಾಗ ಇಸವಿಯನ್ನು ನೋಡಿ. 1977ರದರಲ್ಲಿ ‘ಸಾಲ್ಸ್‌ಬರಿ ಹಿಲ್’ ಕೇಳಿ. ತಂಡವನ್ನು ಬಿಟ್ಟ ಅನುಭವವೇ ಅದರ ವಸ್ತು, ಅದೂ ಏಳರ ನಡೆಯಲ್ಲಿದೆ, ಆದರೆ ಎಣಿಸಬೇಕೆಂಬ ನೆನಪೇ ಬರದಷ್ಟು ಸಹಜವಾಗಿ. ಬಳಿಕ 1980ರ ಮೂರನೆಯ ಆಲ್ಬಂಗೆ ಹಾರಿ. ಜೆನೆಸಿಸ್ ಸದಸ್ಯರ ಸ್ವಂತ ಆಲ್ಬಂಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ. ಗೇಬ್ರಿಯಲ್ ಇಲ್ಲಿ ಡ್ರಮ್ಸ್‌ನಿಂದ ತಾಳದ ತಟ್ಟೆಗಳನ್ನೇ (ಸಿಂಬಲ್‌ಗಳನ್ನು) ತೆಗೆಸಿದರು. ‘ಇಂಟ್ರೂಡರ್’ನಲ್ಲಿ ಕಾಲಿನ್ಸ್ ಬಾರಿಸಿದ ಡ್ರಮ್ಸ್‌ನ ಮೊಳಗು ಏರಿ, ತಟಕ್ಕನೆ ಕತ್ತರಿಸಿದಂತೆ ನಿಲ್ಲುತ್ತದೆ. ಧ್ವನಿ ಎಂಜಿನಿಯರ್ ಹ್ಯೂ ಪ್ಯಾಜಮ್ ಜೊತೆ ರೂಪುಗೊಂಡ ಈ ನಾದ ಆ ದಶಕದ ಪಾಪ್ ಸಂಗೀತವನ್ನೆಲ್ಲ ಆವರಿಸಿತು. ಆಲ್ಬಂನ ಕೊನೆಯಲ್ಲಿರುವ ‘ಬೀಕೊ’ ದಕ್ಷಿಣ ಆಫ್ರಿಕದಲ್ಲಿ 1977ರಲ್ಲಿ ಪೊಲೀಸ್ ವಶದಲ್ಲಿ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬೀಕೊ ಅವರನ್ನು ಕುರಿತದ್ದು.

1986ರ ‘ಸೋ’ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ವಿವರಿಸುವುದಿಲ್ಲ. ಕನ್ನಡದ ಕೇಳುಗರು ತಪ್ಪದೆ ಹುಡುಕಬೇಕಾದದ್ದು 1989ರ ‘ಪ್ಯಾಷನ್’. ಚಲನಚಿತ್ರವೊಂದಕ್ಕಾಗಿ ಹುಟ್ಟಿದ ಈ ಸಂಗೀತದಲ್ಲಿ ಕರ್ನಾಟಕ ಸಂಗೀತದ ಮನೆತನದಿಂದ ಬಂದ ಎಲ್. ಶಂಕರ್ ಅವರ ಜೋಡಿ ಪಿಟೀಲು ಇದೆ, ನುಸ್ರತ್ ಫತೇ ಅಲಿ ಖಾನ್ ಅವರ ಕಂಠವಿದೆ. ಹೊರನಾಡಿನ ವಾದ್ಯಗಳನ್ನು ಅಲಂಕಾರಕ್ಕಾಗಿ ತಂದು ಕೂರಿಸುವ ರಾಕ್ ಸಂಗೀತಗಾರರು ಬಹಳ. ಇಲ್ಲಿ ಆ ಕಲಾವಿದರಿಗೆ ರಾಗವನ್ನು ತಮ್ಮ ಕ್ರಮದಲ್ಲಿ ಬೆಳೆಸಲು ಸಮಯ ಸಿಕ್ಕಿದೆ.

ಆರನೆಯ ಹೆಜ್ಜೆ: ಹ್ಯಾಕೆಟ್ ಹೊರಟದ್ದನ್ನು ಕಿವಿಯಿಂದ ತಿಳಿಯುವುದು

‘ವಿಂಡ್ ಅಂಡ್ ವದರಿಂಗ್’ 1976ರ ಕೊನೆಯಲ್ಲಿ ಬಂದಿತು. ‘ಒನ್ ಫಾರ್ ದ ವೈನ್’ ಮತ್ತು ‘ಆಫ್ಟರ್‌ಗ್ಲೋ’ ಬ್ಯಾಂಕ್ಸ್ ಅವರದು, ‘ಬ್ಲಡ್ ಆನ್ ದ ರೂಫ್‌ಟಾಪ್ಸ್’ ಹ್ಯಾಕೆಟ್ ಮತ್ತು ಕಾಲಿನ್ಸ್ ಅವರದು. ಹೆಸರುಗಳನ್ನು ಎಣಿಸಿದರೆ ಬ್ಯಾಂಕ್ಸ್ ಅವರ ಪಾಲು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಹ್ಯಾಕೆಟ್ ಅವರಿಗೆ ಉಸಿರುಗಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. 1977ರ ‘ಸೆಕೆಂಡ್ಸ್ ಔಟ್’ ಬಹುಪಾಲು ಪ್ಯಾರಿಸಿನಲ್ಲಿ ಮುದ್ರಿಸಿದ ಲೈವ್ ಆಲ್ಬಂ. ಅದರಲ್ಲಿ ಕಾಲಿನ್ಸ್ ಹಾಡಿರುವ ‘ಸಪರ್ಸ್ ರೆಡಿ’ಯನ್ನು ಗೇಬ್ರಿಯಲ್ ಅವರದರ ಪಕ್ಕದಲ್ಲಿಟ್ಟು ಕೇಳಿ. ಗೇಬ್ರಿಯಲ್ ಪಾತ್ರಗಳಾಗಿ ಬದಲಾಗುತ್ತಾರೆ, ಕಾಲಿನ್ಸ್ ಹಾಡಿಗೆ ನಿಷ್ಠರಾಗಿರುತ್ತಾರೆ. ಕೃತಿ ಮಾತ್ರ ಇಬ್ಬರ ಕೈಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ.

ಈ ಲೈವ್ ಆಲ್ಬಂ ತಯಾರಾಗುತ್ತಿದ್ದ ಹೊತ್ತಿಗೆ ಹ್ಯಾಕೆಟ್ ಹೊರನಡೆದರು. ನನ್ನ ಮಟ್ಟಿಗೆ ತಂಡದ ಇತಿಹಾಸದಲ್ಲಿ ನಿಜವಾದ ಗೆರೆ ಬೀಳುವುದು ಇಲ್ಲಿ. 1975ಕ್ಕೆ ಮುಂಚಿನ ಮತ್ತು ನಂತರದ ಆಲ್ಬಂಗಳ ನಡುವೆ ಬದಲಾದದ್ದು ಕಂಠ. 1977ರ ನಂತರ ಬದಲಾದದ್ದು ನಾದದ ನೇಯ್ಗೆಯೇ. ಇದನ್ನು ಪರೀಕ್ಷಿಸಲು 1978ರ ‘ಅಂಡ್ ದೆನ್ ದೇರ್ ವರ್ ತ್ರೀ’ ಮತ್ತು ಹ್ಯಾಕೆಟ್ ಅವರ 1979ರ ‘ಸ್ಪೆಕ್ಟ್ರಲ್ ಮಾರ್ನಿಂಗ್ಸ್’ ಎರಡನ್ನೂ ಒಂದೇ ವಾರದಲ್ಲಿ ಕೇಳಿ. ಮೊದಲನೆಯದರಲ್ಲಿ ಕೀಬೋರ್ಡುಗಳು ಎಲ್ಲ ಖಾಲಿ ಜಾಗವನ್ನೂ ತುಂಬಿಬಿಟ್ಟಿವೆ. ಎರಡನೆಯದರಲ್ಲಿ ರಾಗಕ್ಕೆ ಸುತ್ತಲೂ ಗಾಳಿಯಿದೆ. ‘ಎವ್ರಿ ಡೇ’ ಹಾಡಿನ ಕೊನೆಯ ಗಿಟಾರ್ ಭಾಗ ಮತ್ತು ಆಲ್ಬಂಗೆ ಹೆಸರು ಕೊಟ್ಟ ವಾದ್ಯಕೃತಿ ‘ಫರ್ತ್ ಆಫ್ ಫಿಫ್ತ್’ನ ನೇರ ವಂಶಸ್ಥರು. ಶಾಸ್ತ್ರೀಯ ಗಿಟಾರ್ ಇಷ್ಟವಾದರೆ 1983ರ ‘ಬೇ ಆಫ್ ಕಿಂಗ್ಸ್’ ಕೂಡ ಕೇಳಿ.

ಏಳನೆಯ ಹೆಜ್ಜೆ: 1979ರಿಂದ 1981, ಮೂವರ ನಾಲ್ಕು ಆಲ್ಬಂಗಳು

ಈ ಹೆಜ್ಜೆಯಲ್ಲಿ ನಾಲ್ಕನ್ನು ಒಟ್ಟಿಗೆ ಕೇಳಬೇಕು: ಬ್ಯಾಂಕ್ಸ್ ಅವರ ‘ಎ ಕ್ಯೂರಿಯಸ್ ಫೀಲಿಂಗ್’ (1979), ರುದರ್‌ಫರ್ಡ್ ಅವರ ‘ಸ್ಮಾಲ್‌ಕ್ರೀಪ್ಸ್ ಡೇ’ (1980), ತಂಡದ ‘ಡ್ಯೂಕ್’ (1980), ಕಾಲಿನ್ಸ್ ಅವರ ‘ಫೇಸ್ ವ್ಯಾಲ್ಯೂ’ (1981). ಕಾಲಿನ್ಸ್ ಮುರಿಯುತ್ತಿದ್ದ ದಾಂಪತ್ಯವನ್ನು ಉಳಿಸಿಕೊಳ್ಳಲು ಹೋಗಿದ್ದಾಗ ಉಳಿದಿಬ್ಬರು ಸ್ಟಾಕ್‌ಹೋಮಿನ ಪೋಲಾರ್ ಸ್ಟುಡಿಯೊದಲ್ಲಿ ತಮ್ಮ ತಮ್ಮ ಆಲ್ಬಂ ಮುದ್ರಿಸಿದರು. ‘ಡ್ಯೂಕ್’ ಮುದ್ರಿತವಾದದ್ದೂ ಅಲ್ಲಿಯೇ. ಬ್ರಿಟನ್ನಿನ ಆಲ್ಬಂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನ ಮುಟ್ಟಿದ ತಂಡದ ಮೊದಲ ಆಲ್ಬಂ ಅದು.

ಬ್ಯಾಂಕ್ಸ್ ಅವರ ಆಲ್ಬಂ ಕೇಳಿದರೆ ಜೆನೆಸಿಸ್‌ನ ಎಲುಬು ಯಾರೆಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಸಂಗೀತ ಅಷ್ಟು ಸಮೃದ್ಧ, ಆದರೂ ಅದನ್ನು ಹೊತ್ತು ನಡೆಯಬಲ್ಲ ಕಂಠ ಸಿಗದ ಕೊರತೆ ಉದ್ದಕ್ಕೂ ಕಾಡುತ್ತದೆ. ಈ ಬಳಗದಲ್ಲಿ ಅತಿ ಹೆಚ್ಚು ರಚಿಸಿದವರಿಗೆ ಸ್ವಂತ ಹೆಸರಿನಲ್ಲಿ ಅತಿ ಕಡಿಮೆ ಮನ್ನಣೆ ದೊರೆತದ್ದು ಅನ್ಯಾಯ; 2004ರ ‘ಸೆವೆನ್’ ಎಂಬ ವಾದ್ಯವೃಂದದ ಕೃತಿಯನ್ನಾದರೂ ಕೇಳಿ ಅವರಿಗೆ ಕೊಡಬೇಕಾದ ಗಮನ ಕೊಡಿ. ರುದರ್‌ಫರ್ಡ್ ಅವರ ಆಲ್ಬಂನ ಮೊದಲ ಬದಿಯ ದೀರ್ಘ ಕೃತಿ ಸಾಕು. ಹಾಡು ಕಟ್ಟುವ ಅವರ ಇನ್ನೊಂದು ಮುಖ 1985ರಲ್ಲಿ ಆರಂಭವಾದ ಮೈಕ್ ಅಂಡ್ ದ ಮೆಕ್ಯಾನಿಕ್ಸ್‌ನಲ್ಲಿದೆ.

‘ಡ್ಯೂಕ್’ನಲ್ಲಿ ‘ಟರ್ನ್ ಇಟ್ ಆನ್ ಅಗೇನ್’ ನೇರವಾದ ರಾಕ್ ಹಾಡಿನಂತೆ ಕೇಳಿದರೂ ಹದಿಮೂರರ ಆವರ್ತದಲ್ಲಿದೆ. ಆರು ಮತ್ತು ಏಳಾಗಿ ಒಡೆದು ಎಣಿಸಿ ನೋಡಿ. ‘ಬಿಹೈಂಡ್ ದ ಲೈನ್ಸ್’ ಹಾಡನ್ನು ಇಲ್ಲಿ ಕೇಳಿದ ಕೂಡಲೇ ‘ಫೇಸ್ ವ್ಯಾಲ್ಯೂ’ನಲ್ಲಿ ಅದೇ ಹಾಡು ಕಹಳೆಗಳೊಂದಿಗೆ ಹೇಗೆ ಬದಲಾಗಿದೆ ಎಂದು ಕೇಳಿ. ಕಾಲಿನ್ಸ್ ತಂಡವನ್ನು ಪಾಪ್ ಕಡೆಗೆ ಎಳೆದರು ಎಂಬ ಆರೋಪ ನನಗೆ ಒಪ್ಪಿಗೆಯಿಲ್ಲ. ‘ಫೇಸ್ ವ್ಯಾಲ್ಯೂ’ ಪ್ರಾಮಾಣಿಕ ದುಃಖದ ಆಲ್ಬಂ. ‘ಇನ್ ದಿ ಏರ್ ಟುನೈಟ್’ನಲ್ಲಿ ಡ್ರಮ್ಸ್ ಬರುವವರೆಗೂ ಅವರು ಕಾಯುವ ಸಂಯಮ ದೀರ್ಘ, ಸಂಕೀರ್ಣ ರಚನೆಗಳ ಪ್ರೊಗ್ರೆಸಿವ್ ರಾಕ್‌ನಲ್ಲಿ ಕಲಿತದ್ದೇ. ಎಲ್. ಶಂಕರ್ ಅವರ ಪಿಟೀಲು ಈ ಆಲ್ಬಂನಲ್ಲಿಯೂ ಇದೆ.

ಕೊನೆಯ ಹೆಜ್ಜೆ: ಉಳಿದವುಗಳಲ್ಲಿ ಆರಿಸಿಕೊಳ್ಳುವುದು

1981ರಿಂದ 1991ರವರೆಗಿನ ನಾಲ್ಕು ಆಲ್ಬಂಗಳನ್ನು ಇಡಿಯಾಗಿ ಕೇಳಲೇಬೇಕೆಂದಿಲ್ಲ. 1983ರ ಆಲ್ಬಂನಿಂದ ‘ಮಾಮಾ’ ಮತ್ತು ‘ಹೋಮ್ ಬೈ ದ ಸೀ’ಯ ಎರಡೂ ಭಾಗಗಳು, 1986ರ ‘ಇನ್‌ವಿಸಿಬಲ್ ಟಚ್’ನಿಂದ ‘ಡಾಮಿನೊ’, 1991ರ ‘ವಿ ಕಾಂಟ್ ಡ್ಯಾನ್ಸ್’ನಿಂದ ‘ಡ್ರೈವಿಂಗ್ ದ ಲಾಸ್ಟ್ ಸ್ಪೈಕ್’ ಮತ್ತು ‘ಫೇಡಿಂಗ್ ಲೈಟ್ಸ್’ ಆರಿಸಿಕೊಳ್ಳಿ. ಹಳೆಯ ರಚನಾಕ್ರಮ ಹೊಸ ನಾದದೊಳಗೆ ಜೀವಂತವಾಗಿತ್ತು ಎಂಬುದಕ್ಕೆ ಇವು ಸಾಕ್ಷಿ. ರೇ ವಿಲ್ಸನ್ ಹಾಡಿದ 1997ರ ‘ಕಾಲಿಂಗ್ ಆಲ್ ಸ್ಟೇಷನ್ಸ್’ನಲ್ಲಿ ಕಂಠ ಒಳ್ಳೆಯದು, ಹಾಡುಗಳು ಮಂಕು. 1969ರ ಮೊದಲ ಆಲ್ಬಂನ್ನು ಎಲ್ಲಕ್ಕಿಂತ ಕೊನೆಗೆ ಇಡಿ. ಶಾಲೆಯಿಂದ ಆಗಷ್ಟೇ ಹೊರಬಂದ ಹುಡುಗರ ಹಾಡುಗಳ ಮೇಲೆ ತಂತಿವಾದ್ಯಗಳನ್ನು ಹೇರಲಾಗಿದೆ, ಆದರೂ ‘ಇನ್ ದ ವೈಲ್ಡರ್‌ನೆಸ್’ನಂಥ ಹಾಡಿನಲ್ಲಿ ರಾಗ ಕಟ್ಟುವ ಶಕ್ತಿ ಆಗಲೇ ಇತ್ತೆಂದು ತಿಳಿಯಬಹುದು.

ಗೇಬ್ರಿಯಲ್ ಅವರ 2023ರ ‘ಐ/ಓ’ಗೆ ಬಂದಾಗ ಒಂದು ಆಯ್ಕೆ ಎದುರಾಗುತ್ತದೆ: ಅದರ ಹಾಡುಗಳೆಲ್ಲ ‘ಬ್ರೈಟ್ ಸೈಡ್’, ‘ಡಾರ್ಕ್ ಸೈಡ್’ ಎಂಬ ಎರಡು ಮಿಕ್ಸ್‌ಗಳಲ್ಲಿ ಇವೆ. ವಾದ್ಯಗಳನ್ನು ಬಿಡಿಸಿ ಕೇಳುವ ಅಭ್ಯಾಸ ಇಷ್ಟು ಹೊತ್ತಿಗೆ ಆಗಿರುವುದರಿಂದ ಎರಡನ್ನೂ ಹಾಡಿಗೊಂದರಂತೆ ಜೊತೆಜೊತೆಯಾಗಿ ಹಾಕಿಕೊಂಡು ಕೇಳಿ, ಯಾವುದು ನಿಮ್ಮದೆಂದು ನೀವೇ ತೀರ್ಮಾನಿಸಿ.